ಮಳೆ ಬಂದರೆ ಆಟ ಎಲ್ಲಿ?

ಜುಲೈ ತಿಂಗಳಲ್ಲಿ ಫಳ್ನೀರ್‌ನ ಯಾವುದಾದರೂ ಮನೆಯಲ್ಲಿ ಕೂತು ಮಕ್ಕಳಿಗೆ "ಮೊಬೈಲ್ ಇಡಿ, ಹೊರಗೆ ಹೋಗಿ ಆಡಿ" ಅಂತ ಹೇಳಿ ನೋಡಿ. ಮಗು ಸುಮ್ಮನೆ ಕಿಟಕಿ ಕಡೆ ಕೈ ತೋರಿಸುತ್ತದೆ. ಹೊರಗೆ ಧೋ ಅಂತ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಬಹುಪಾಲು ಸುರಿಯೋದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾಲ್ಕು ತಿಂಗಳು ಅಂದ್ರೆ ವರ್ಷದ ಮೂರನೇ ಒಂದು ಭಾಗ ಮಾರಾಯ್ರೆ! ಅಷ್ಟು ದಿನ ಮೈದಾನ ಕೆಸರು, ಆಟಕ್ಕೆ ರಜೆ.

ಅದಕ್ಕೇ ಹೇಳೋದು, ಬೇರೆ ಊರಿಗೆ ಒಳಾಂಗಣ ಕ್ರೀಡಾಂಗಣ ಒಂದು ಸೌಕರ್ಯ. ಮಂಗಳೂರಿಗೆ ಅದು ಅಗತ್ಯ. ಮನೆಗೆ ಮಾಡು ಎಷ್ಟು ಅಗತ್ಯವೋ ಅಷ್ಟೇ.

ನಮ್ಮಲ್ಲಿ ಒಂದು ಒಳಾಂಗಣ ಕ್ರೀಡಾಂಗಣ ಬಹಳ ವರ್ಷದಿಂದ ಇದೆ. ಅದರ ಹೆಸರು ಯು.ಎಸ್. ಮಲ್ಯ ಒಳಾಂಗಣ ಕ್ರೀಡಾಂಗಣ. ಅಲ್ಲಿ ರಾಕೆಟ್ ಹಿಡಿದು ಹೋಗುವ ಎಷ್ಟು ಹುಡುಗರಿಗೆ ಈ ಮಲ್ಯ ಯಾರು ಅಂತ ಗೊತ್ತು? ಉಳ್ಳಾಲ ಶ್ರೀನಿವಾಸ ಮಲ್ಯ. ಹುಟ್ಟಿದ್ದು 1902ರಲ್ಲಿ, ತೀರಿಕೊಂಡದ್ದು 1965ರಲ್ಲಿ. 1952ರಿಂದ ಸಾಯುವ ತನಕ ಈ ಕರಾವಳಿಯ ಸಂಸದ. ಬಜ್ಪೆ ವಿಮಾನ ನಿಲ್ದಾಣ, ಪಣಂಬೂರಿನ ಬಂದರು, ಕರಾವಳಿಯ ಹೆದ್ದಾರಿ, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು, ಇವೆಲ್ಲದರ ಹಿಂದೆ ಅವರ ಓಡಾಟ ಇದೆ. 1960ರಲ್ಲಿ ಕೆಆರ್‌ಇಸಿ ಅಂತ ಶುರುವಾದ ಆ ಕಾಲೇಜೇ ಇವತ್ತಿನ ಎನ್‌ಐಟಿಕೆ. ಚುನಾವಣೆಯ ಮತ ಎಣಿಕೆ ದಿನ ನಾವು ಟಿವಿಯವರು ಬೆಳಗಿನ ಜಾವದಿಂದ ಕ್ಯಾಮೆರಾ ಇಟ್ಟುಕೊಂಡು ನಿಲ್ಲುತ್ತೇವಲ್ಲ, ಅದೇ ಜಾಗ. ನವಮಂಗಳೂರು ಬಂದರು ಪೂರ್ತಿಯಾದದ್ದನ್ನು ನೋಡಲು ಮಲ್ಯರು ಉಳಿಯಲಿಲ್ಲ. ತಾವು ನೋಡಲಾಗದ ದಿನಕ್ಕಾಗಿ ಕೆಲಸ ಮಾಡಿದವರ ಹೆಸರು ಅದು. ಆ ಹೆಸರಿಟ್ಟ ಮೇಲೆ ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕಾದ ಜವಾಬ್ದಾರಿಯೂ ಬರುತ್ತೆ.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಇಂಥ ಕಟ್ಟಡದೊಳಗೆ ಹೋದರೆ ಮೊದಲು ತಲೆ ಎತ್ತಿ ಮೇಲೆ ನೋಡ್ತೇನೆ. ಒಂದು ಶಟಲ್ ಕಾಕ್‌ನ ತೂಕ ಸುಮಾರು ಐದು ಗ್ರಾಂ. ಒಂದು ಫ್ಯಾನ್ ಹಾಕಿದರೆ ಸಾಕು, ಅದರ ದಾರಿ ತಪ್ಪುತ್ತದೆ. ದೊಡ್ಡ ಅಂತರರಾಷ್ಟ್ರೀಯ ಪಂದ್ಯಕ್ಕೆ ಕೋರ್ಟಿನ ಮೇಲೆ 12 ಮೀಟರ್ ಖಾಲಿ ಎತ್ತರ ಬೇಕು, ನಡುವೆ ಒಂದು ಕಂಬವೂ ಇರಬಾರದು. ಬಾಸ್ಕೆಟ್‌ಬಾಲ್‌ಗೆ 28 ಮೀಟರ್ ಉದ್ದ, 15 ಮೀಟರ್ ಅಗಲ. ಪುರುಷರ ಕಬಡ್ಡಿಗೆ 13ಕ್ಕೆ 10. ಇಷ್ಟಕ್ಕೂ ಒಂದೇ ನೆಲ, ಒಂದೇ ಮಾಡು. 'ಬಹುಉದ್ದೇಶ' ಅನ್ನೋ ಪದದ ನಿಜವಾದ ಅರ್ಥ ಇದು. ಆದರೆ ನಮ್ಮಲ್ಲಿ ಆ ಪದದೊಳಗೆ ನಿಧಾನಕ್ಕೆ ಬೇರೆಯದೆಲ್ಲ ನುಗ್ಗುತ್ತೆ. ಸಮಾವೇಶ, ವಸ್ತುಪ್ರದರ್ಶನ, ಸನ್ಮಾನ. ಕುರ್ಚಿ ಎಳೆದ ಗೀರು ಮರದ ನೆಲದ ಮೇಲೆ ಉಳಿಯುತ್ತದೆ. ಮಾರನೇ ದಿನ ಅದೇ ನೆಲದ ಮೇಲೆ ಹದಿಮೂರು ವರ್ಷದ ಹುಡುಗಿಯೊಬ್ಬಳು ಓಡಬೇಕು.

ಹಾಗಂತ ಬಹುಉದ್ದೇಶವೇ ತಪ್ಪಾ? ಅಲ್ಲ. ಒಂದು ಕತೆ ಹೇಳ್ತೇನೆ. ಕುಂದಾಪುರದ ಕಡೆಯ ಪಡುಕೋಣೆ ಎಂಬ ಊರಿನ ಹೆಸರು ಹೊತ್ತ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಎಲ್ಲಿ? ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ನಿನಲ್ಲಿ. ಅದು ಮದುವೆ ನಡೆಯುತ್ತಿದ್ದ ಹಾಲ್. ಮದುವೆ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೊರಟ ಹುಡುಗ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು. 1980ರಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಗೆದ್ದ ಜಾಗ ಲಂಡನ್ನಿನ ವೆಂಬ್ಲಿ ಅರೆನಾ. ಅದು 1934ರಲ್ಲಿ ಕಟ್ಟುವಾಗ ಏನಾಗಿತ್ತು ಗೊತ್ತಾ? ಈಜುಕೊಳ! ಹೆಸರೂ ಎಂಪೈರ್ ಪೂಲ್ ಅಂತಲೇ ಇತ್ತು. 1948ರ ಒಲಿಂಪಿಕ್ಸ್ ಈಜು ಅಲ್ಲೇ ನಡೆಯಿತು.

ಮದುವೆ ಹಾಲ್‌ನಲ್ಲಿ ಕಲಿತು ಈಜುಕೊಳದ ಮೇಲೆ ಗೆದ್ದರು ಅಂತ ನಾವು ಹೆಮ್ಮೆಯಿಂದ ಹೇಳಬಹುದು. ಆದರೆ ಎರಡಕ್ಕೂ ವ್ಯತ್ಯಾಸ ಇದೆ. ವೆಂಬ್ಲಿಯವರು ಆಟಕ್ಕಾಗಿ ಕೊಳವನ್ನೇ ಮುಚ್ಚಿದರು. ಮಲ್ಲೇಶ್ವರದ ಹುಡುಗ ಮದುವೆ ಮುಗಿಯುವ ತನಕ ಕಾದ. ಕಾದೂ ಗೆದ್ದವರು ಒಬ್ಬ ಪ್ರಕಾಶ್. ಕಾದು ಕಾದು ಸಾಕಾಗಿ ರಾಕೆಟ್ ಅಟ್ಟಕ್ಕೆ ಹಾಕಿದವರು ಎಷ್ಟು ಮಂದಿ? ಅವರ ಲೆಕ್ಕ ಯಾರೂ ಇಡೋದಿಲ್ಲ.

ರಾಜಧಾನಿಯ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣವನ್ನೇ ತಗೊಳ್ಳಿ. 1997ರ ರಾಷ್ಟ್ರೀಯ ಕ್ರೀಡಾಕೂಟ ಕಂಡ ಜಾಗ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ಬೆಂಗಳೂರಿಗೆ ಬಂತು. ನಮ್ಮ ಹೆಣ್ಣುಮಕ್ಕಳು ಕಜಕಸ್ತಾನವನ್ನು 75-73ರಿಂದ ಮಣಿಸಿ 'ಬಿ' ವಿಭಾಗ ಗೆದ್ದರು, 'ಎ' ವಿಭಾಗಕ್ಕೆ ಏರಿದರು. ಅದೇ ವರ್ಷ ಬೆಂಗಳೂರು ಬುಲ್ಸ್ ಕಬಡ್ಡಿ ತಂಡದ ತವರಿನ ಪಂದ್ಯಗಳು ನಡೆದದ್ದು ನಾಗ್ಪುರದಲ್ಲಿ. ಮರುವರ್ಷ ಪುಣೆಯಲ್ಲಿ. ಆ ಮರುವರ್ಷದ ಸೀಸನ್ನಿನಲ್ಲೇ ತಂಡ ಚಾಂಪಿಯನ್ ಆಯಿತು! ಬೆಂಗಳೂರಿನ ಹೆಸರು ಎದೆಯ ಮೇಲೆ ಹಾಕಿಕೊಂಡವರು ಕಪ್ ಗೆದ್ದ ವರ್ಷ ಬೆಂಗಳೂರಿನ ಜನ ಮನೆಯಲ್ಲಿ ಟಿವಿ ಮುಂದೆ ಕೂತಿದ್ದರು. ಹೆಸರಿಗೆ ತವರು ಇದ್ದರೆ ಸಾಲದು. ಬೇಕಾದ ದಿನ ಅದರ ಬಾಗಿಲು ತೆರೆದಿರಬೇಕು.

ಈಗ ನಮ್ಮೂರಿಗೆ ಬರೋಣ. ಉರ್ವದಲ್ಲಿ ಸ್ಮಾರ್ಟ್ ಸಿಟಿ ಹಣದಲ್ಲಿ ಕಬಡ್ಡಿ, ಬ್ಯಾಡ್ಮಿಂಟನ್‌ಗೆ ಅಂತಲೇ ಇನ್ನೊಂದು ಒಳಾಂಗಣ ಎದ್ದಿದೆ. ಸಂತೋಷ. ಗದ್ದೆ ಕೊಯ್ಲಾದ ಮೇಲೆ ಕಬಡ್ಡಿ ಆಡಿದ ನಾಡು ಇದು. ಕಾರ್ಕಳ ಕಡೆಯ ಮಮತಾ ಪೂಜಾರಿ 2012ರಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. ಈಗ ಕಬಡ್ಡಿ ಮಣ್ಣಿನಿಂದ ಮ್ಯಾಟ್‌ಗೆ ಬಂದಿದೆ. ಮ್ಯಾಟ್ ಹಾಸಬೇಕಾದರೆ ಮಾಡು ಬೇಕು. ಮಾಡು ಇದ್ದರೆ ಸಾಲದು, ಬಡವರ ಮಕ್ಕಳಿಗೂ ಅದರ ಕೆಳಗೆ ನಿಲ್ಲುವ ಹಕ್ಕು ಬೇಕು.

ಹಾಗಾಗಿ ಆಳುವವರ ಮುಂದೆ ನಾನು ಮೂರೇ ಮಾತು ಇಡ್ತೇನೆ. ಒಂದು, ಸರ್ಕಾರಿ ಹಣದ ಪ್ರತಿ ಒಳಾಂಗಣದ ಬಾಗಿಲಲ್ಲೂ ತಿಂಗಳ ವೇಳಾಪಟ್ಟಿ ಕನ್ನಡದಲ್ಲಿ ಹಾಕಿ. ಯಾವ ದಿನ ಯಾರಿಗೆ, ಎಷ್ಟು ಬಾಡಿಗೆ ಅಂತ ಎಲ್ಲರೂ ನೋಡಲಿ. ಎರಡು, ಮಳೆಗಾಲದ ನಾಲ್ಕು ತಿಂಗಳು ಸಂಜೆಯ ಎರಡು ಗಂಟೆ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ಮೀಸಲಿಡಿ. ಮೂರು, ಬೇರೆ ಕಾರ್ಯಕ್ರಮದ ಬಾಡಿಗೆ ಬಂದರೆ ಆ ದುಡ್ಡು ನೆಲದ ದುರಸ್ತಿಗೇ ಹೋಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನವೂ ಬೇಡ. ಒಂದು ಆದೇಶ ಸಾಕು.

ವೀಕ್ಷಕರೇ, ನಿಮಗೂ ಒಂದು ಮಾತು. ಮುಂದಿನ ಸಲ ವೋಟು ಕೇಳಲು ಮನೆ ಬಾಗಿಲಿಗೆ ಬಂದವರನ್ನು ರಸ್ತೆ, ಚರಂಡಿ, ನೀರಿನ ಜೊತೆಗೆ ಇದನ್ನೂ ಕೇಳಿ: ಸ್ವಾಮಿ, ಮಳೆ ಬಂದರೆ ನಮ್ಮ ಮಕ್ಕಳು ಎಲ್ಲಿ ಆಡಬೇಕು?