ಓಣಿಗೊಂದು ಕಟ್ಟಿ, ಕಟ್ಟಿಗೊಂದು ಬೇವು



ಹಿರಿಯರು ಬಾಳುವ ಓಣಿ ಹೇಗಿರಬೇಕೆಂದು ಈ ಪ್ರದರ್ಶನಕ್ಕೆ ಹುಡುಗರು ಮಾಡಿಟ್ಟ ಮಾದರಿಗಳನ್ನು ಆಗಲೇ ಒಂದು ಸುತ್ತು ನೋಡಿದೆ. ಹೆಚ್ಚಿನವುಗಳಲ್ಲಿ ಅಗಲವಾದ ರಸ್ತೆ, ದೂರ ದೂರ ಮನೆ, ನಡುವೆ ಹುಲ್ಲುಹಾಸು. ಚೆಂದ ಇವೆ. ನನ್ನ ತಕರಾರೂ ಅಲ್ಲೇ ಇದೆ.

ನಮ್ಮ ಕಲಬುರಗಿಯ ಬ್ರಹ್ಮಪುರ, ಶಹಾಬಜಾರ್, ಮೋಮಿನಪುರಗಳನ್ನು ನೋಡಿ. ಮನೆಗೆ ಮನೆ ಅಂಟಿಕೊಂಡಿದೆ. ಹಾಲು, ಗುಳಿಗೆ, ಹಿಟ್ಟಿನ ಗಿರಣಿ, ಗುಡಿ, ಮಸೀದಿ ಎಲ್ಲವೂ ಮೊಣಕಾಲು ನೋವಿನವರೂ ನಡೆದು ಮುಟ್ಟುವಷ್ಟು ಹತ್ತಿರ. ಬಾಗಿಲು ತೆರೆಯದಿದ್ದರೆ "ಎರಡು ದಿನ ಆತು, ಆಯಿ ಯಾಕ ಕಾಣವಲ್ಲಳು?" ಎಂದು ಕೇಳುವವರಿದ್ದಾರೆ. ಊರಾಚೆಯ ಹೊಸ ಲೇಔಟುಗಳಲ್ಲಿ ಒಂದು ಗುಳಿಗೆ ತರಲೂ ಗಾಡಿ ಬೇಕು. ಗಾಡಿ ಓಡಿಸುವ ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುತ್ತಾನೆ. ಒತ್ತೊತ್ತಾದ ಓಣಿ ವಯಸ್ಸಾದವರ ವೈರಿಯಲ್ಲ, ಸ್ವಾಮಿ.

ಹಾಗೆಂದು ಹಳೆ ಓಣಿಯನ್ನು ಹೊಗಳಿ ಕೂರುವುದೂ ಬೇಡ. ಬಾಯ್ತೆರೆದ ಗಟಾರ, ಮಳೆಯಲ್ಲಿ ಜಾರುವ ಶಹಾಬಾದ್ ಪರಸಿ, ಸಂದಿಯಲ್ಲೂ ನುಗ್ಗುವ ಬೈಕು. ಮನೆ ಮುಂದಿನ ಕಟ್ಟಿಯಂತೂ ಕಾರು ನಿಲ್ಲಿಸಲು ಜಾಗ ಬೇಕೆಂದು ಒಡೆದುಹೋಯಿತು. ಕಟ್ಟಿ ಹೋದ ಮೇಲೆ ಮುದುಕರು ಒಳಗೆ ಟಿವಿಯ ಮುಂದೆ ಸೇರಿಕೊಂಡರು.

ಬಿಸಿಲಿನ ಮಾತು ನಿಮಗೆ ಹೇಳಬೇಕೇ? ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಇಕ್ಕಟ್ಟು ಗಲ್ಲಿಯಲ್ಲಿ ಒಂದು ಮನೆಯ ನೆರಳು ಎದುರು ಮನೆಯ ಗೋಡೆಗೆ ಬೀಳುತ್ತದೆ. ಅಗಲ ರಸ್ತೆಗೆ ಆ ಭಾಗ್ಯವಿಲ್ಲ, ಅದಕ್ಕೆ ಬೇವೇ ಬೇಕು, ಹುಲ್ಲುಹಾಸಲ್ಲ. ಇನ್ನೊಂದು ಸಂಗತಿಯನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ: ದಾರಿಯಲ್ಲಿ ಶೌಚಾಲಯ ಇಲ್ಲವೆಂದು ಅವರು ಆ ಬಿಸಿಲಲ್ಲೂ ನೀರು ಕುಡಿಯದೆ ಹೊರಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯಸ್ನೇಹಿ ನಗರಗಳ ಕೈಪಿಡಿ ತಂದಾಗ ದೆಹಲಿ, ಉದಯಪುರ ಸೇರಿ 33 ನಗರಗಳ ಹಿರಿಯರನ್ನೇ ಕೇಳಿತ್ತು. ಕೂರಲು ಜಾಗ, ಶೌಚಾಲಯ, ಎಡವದಂಥ ಕಾಲುದಾರಿ. ಅಲ್ಲಿಯವರೂ ಇವನ್ನೇ ಕೇಳಿದ್ದರು.

ರಸ್ತೆ ದಾಟುವ ಸಿಗ್ನಲ್ಲಿಗೆ ಎಂಜಿನಿಯರರು ಸಾಮಾನ್ಯವಾಗಿ ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆಂದು ಲೆಕ್ಕ ಹಾಕುತ್ತಾರೆ. 12 ಮೀಟರ್ ರಸ್ತೆಗೆ 10 ಸೆಕೆಂಡು. ಕೋಲೂರಿ 0.8 ಮೀಟರ್ ವೇಗದಲ್ಲಿ ನಡೆಯುವವರಿಗೆ 15 ಬೇಕು. ಉಳಿದ 5 ಸೆಕೆಂಡು ಅವರು ಲಾರಿಯ ಎದುರಿಗೆ. ಬಸ್ಸಿನ ಕಥೆಯೂ ಅಷ್ಟೇ: 2023ರಲ್ಲಿ ಶಕ್ತಿ ಯೋಜನೆ ಬಂದು ನಮ್ಮ ಅವ್ವಂದಿರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ತಗ್ಗಲಿಲ್ಲ.

ನನಗೆ ಹೆಚ್ಚು ಆಸೆಯಿರುವುದು ಕಮಲಾಪುರದ ಮೇಲೆ. ಕೆಂಬಾಳೆಗೆ ಭೌಗೋಳಿಕ ಸೂಚಿಕೆ ಪಡೆದ ಊರು, ಈಗ ಹೊಸ ತಾಲೂಕು. ಕಚೇರಿಗಳು ಬಂದ ಹಿಂದೆಯೇ ಲೇಔಟುಗಳೂ ಬರುತ್ತವೆ. ಕಲಬುರಗಿಯಲ್ಲಿ ಕಾಲುದಾರಿಗೆ ಜಾಗ ಬೇಕೆಂದರೆ ಅಂಗಡಿ ಸರಿಸಬೇಕು, ಕೋರ್ಟಿಗೆ ಅಲೆಯಬೇಕು. ಕಮಲಾಪುರದಲ್ಲಿ ನಕ್ಷೆಯ ಮೇಲೆ ಗೆರೆ ಎಳೆದರೆ ಸಾಕು: ದವಾಖಾನೆ, ಸಂತೆ, ಬಸ್ ನಿಲ್ದಾಣದ ಸುತ್ತಲೇ ಮನೆಗಳು, ಹೆದ್ದಾರಿ ದಾಟದೆ ಮುಟ್ಟುವಂತೆ. ಅಧಿಕಾರಿಗಳು ಇಲ್ಲಿದ್ದಾರೆ, ಅವರಿಗೆಂದೇ ಹೇಳುತ್ತಿದ್ದೇನೆ.

ಮಾದರಿಗಳ ಪಕ್ಕದಲ್ಲಿ ಕೆಂಪು ಪೆನ್ಸಿಲ್ ಇಡಿಸಿದ್ದೇನೆ. ಮುಂದೆ ಕುಂತ ಅಜ್ಜ-ಅಜ್ಜಿಯರು ಮೊದಲು ಒಳಗೆ ಹೋಗಲಿ. ಎಲ್ಲಿ ಕಾಲು ಎಡವುತ್ತದೆ, ಎಲ್ಲಿ ಕೂರಬೇಕೆನಿಸುತ್ತದೆ, ಅಲ್ಲಿ ಗುರುತು ಹಾಕಲಿ. ಹುಡುಗರೇ, ಬೇಸರ ಮಾಡಿಕೊಳ್ಳಬೇಡಿ. ಪ್ರದರ್ಶನ ಉದ್ಘಾಟನೆಯಾಗಿದೆ, ಬನ್ನಿ.