ಎಳೆಗುದುರೆಯನ್ನು ಕೊಳ್ಳುವ ಮುನ್ನ

ಎತ್ತಿನ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯನು ನಮ್ಮ ಬಯಲುಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಪಟ್ಟಣದಲ್ಲಿ ನೆಲಸಿ, ಕಾಲೇಜಿನ ಹುಡುಗರಿಗೆ ಆಂಗ್ಲ ಕಾವ್ಯವನ್ನು ಬೋಧಿಸುತ್ತ ಇಪ್ಪತ್ತು ವರ್ಷ ಕಳೆದ ನಮ್ಮಂಥವರೂ ದನಗಳ ಜಾತ್ರೆಯ ಮಗ್ಗುಲಲ್ಲಿ ಹಾದುಹೋಗುವಾಗ, ಯಾರೋ ಹಿಡಿದು ನಿಂತಿರುವ ಹೋರಿಕರುವಿನ ಬಾಯನ್ನು ಬಿಡಿಸಿ ನೋಡದೆ ಮುಂದಕ್ಕೆ ಹೋಗಲಾರೆವು. ಹಲ್ಲೆಷ್ಟು, ಸುಳಿಯೆಲ್ಲಿ, ಕೊಂಬು ಹೇಗೆ, ಬಣ್ಣವೇನು ಎಂಬ ನಾಲ್ಕು ಪ್ರಶ್ನೆಗಳು ಯಾರೂ ಹೇಳಿಕೊಡದೆಯೇ ನಮ್ಮ ಬಾಯಿಗೆ ಬರುತ್ತವೆ. ಕುದುರೆಯ ಸಂಗತಿ ಹಾಗಲ್ಲ. ಅದನ್ನು ನಾವು ಮದುವೆಯ ಮೆರವಣಿಗೆಯಲ್ಲಿಯೋ, ದಸರೆಯ ಸವಾರಿಯಲ್ಲಿಯೋ ದೂರದಿಂದ ಕಂಡವರು. ಆದರೂ ಕೊಳ್ಳುವ ಸಂದರ್ಭ ಒದಗಿದಾಗ ಆ ಎತ್ತಿನ ಕಣ್ಣನ್ನೇ ಹೊತ್ತುಕೊಂಡು ಕುದುರೆಯ ಮುಂದೆ ನಿಲ್ಲುತ್ತೇವೆ. ಇದರಿಂದ ಹಣ ಹೋಗುವುದುಂಟು. ಕೆಲವು ವೇಳೆ ಸವಾರನ ಕೈಕಾಲೂ ಹೋಗುವುದುಂಟು.

ಈ ವಿಚಾರ ನಮಗೆ ಬಂದುದು ಪರಶುರಾಂಪುರದಲ್ಲಿರುವ ನಮ್ಮ ಸೋದರಳಿಯನಿಂದ. ಅವನ ಜಮೀನು ವೇದಾವತಿಯ ಎರಡು ದಡಗಳಲ್ಲಿಯೂ ಹರಡಿದೆ. ಮೇಲುಗಡೆ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯು ನೀರನ್ನು ತಡೆದು ನಿಲ್ಲಿಸಿರುವುದರಿಂದಲೂ, ಆ ಸೀಮೆಯ ಮಳೆ ನಾಡಿನಲ್ಲಿಯೇ ಅತಿ ಕಡಮೆಯಾದುದರಿಂದಲೂ, ಹೊಳೆಯೆಂಬುದು ಅಲ್ಲಿ ವರ್ಷದ ಬಹುಕಾಲ ಮರಳಿನ ಹಾಸು. ಮೋಟಾರು ಸೈಕಲ್ಲು ಆ ಮರಳಿನಲ್ಲಿ ಹೂತುಕೊಳ್ಳುತ್ತದೆ. ಇದನ್ನು ತಳ್ಳಿ ತಳ್ಳಿ ಬೇಸತ್ತ ಹುಡುಗನು ಒಂದು ದಿನ, "ಮಾವ, ನಾನು ಕುದುರೆ ಕೊಳ್ಳುತ್ತೇನೆ. ಹೊಲ ಸುತ್ತುವುದಕ್ಕೂ ಆಗಬೇಕು, ಬೇಕೆಂದಾಗ ಸಣ್ಣ ಗಾಡಿಗೂ ಹೂಡಬೇಕು, ಮಕ್ಕಳನ್ನೂ ಕೂರಿಸಬೇಕು. ತಾವು ಪುಸ್ತಕ ಓದಿದವರು, ಜತೆಗೆ ಬನ್ನಿ" ಎಂದು ಬರೆದನು. ಪುಸ್ತಕ ಓದಿದವರನ್ನು ಕುದುರೆ ಕೊಳ್ಳುವುದಕ್ಕೆ ಕರೆಯುವುದು ಎಷ್ಟು ಸರಿಯೋ ನಾವರಿಯೆವು. ಆದರೂ ಹೋದೆವು, ನಮ್ಮ ಮಿತ್ರರಾದ ಪಶುವೈದ್ಯರೊಬ್ಬರನ್ನೂ ಕರೆದುಕೊಂಡು ಹೋದುದು ನಮ್ಮ ಪುಣ್ಯ.

ಮೊದಲು ಕಂಡ ಕುದುರೆಯು ಜೂಜುಕುದುರೆಯ ತಳಿಯದು. ನಾಲ್ಕು ವರ್ಷದ ಪ್ರಾಯ, ಮಿರುಗುವ ಕಂದು ಮೈ, ಹಣೆಯಲ್ಲಿ ಬಿಳಿಯ ಬೊಟ್ಟು, ನಾಲ್ಕು ಕಾಲೂ ಬಿಳುಪು. ಅಳಿಯನು, "ಪಂಚಕಲ್ಯಾಣಿ!" ಎಂದು ಉದ್ಗಾರ ತೆಗೆದನು. ದಳ್ಳಾಳಿಯು ಕತ್ತಿನ ಸುಳಿಯೊಂದನ್ನು ಬೆರಳಿಟ್ಟು ತೋರಿಸಿ, ಇದೇ ದೇವಮಣಿ, ಇದಿರುವ ಮನೆಗೆ ಸಿರಿ ತಪ್ಪದು ಎಂದನು. ಸಂಸ್ಕೃತದ ಅಶ್ವಶಾಸ್ತ್ರಗಳಲ್ಲಿ ಆ ಹೆಸರಿರುವುದು ನಿಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಯ ಲಕ್ಷಣಗಳಿಗೆ ದೊಡ್ಡ ಸ್ಥಾನವುಂಟು. ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿಯೇ ಗ್ರಂಥ ಬರೆದನು. ನಮ್ಮ ಹಿರಿಯರಿಗೆ ಕುದುರೆ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾಗದು. ಆದರೆ ದಳ್ಳಾಳಿಗಳ ಪಾಲಿಗೆ ಉಳಿದುಕೊಂಡಿರುವುದು ಆ ಶಾಸ್ತ್ರದ ಸುಳಿಯ ಪ್ರಕರಣ ಮಾತ್ರವೆಂದು ತೋರುತ್ತದೆ.

ನಮ್ಮ ವೈದ್ಯಮಿತ್ರರು ಮುಖವನ್ನೂ ನೋಡಲಿಲ್ಲ, ಮೈಯನ್ನೂ ನೋಡಲಿಲ್ಲ. ನೆಟ್ಟಗೆ ಬಗ್ಗಿ ಗೊರಸನ್ನೆತ್ತಿದರು. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸಿನ ಝೆನೊಫೋನನು ಎಳೆಗುದುರೆಯನ್ನು ಕೊಳ್ಳುವವನಿಗೆಂದು ಬರೆದ ಬುದ್ಧಿವಾದವೂ ಗೊರಸಿನಿಂದಲೇ ಮೊದಲಾಗುತ್ತದೆ. ತಳಪಾಯ ಕೆಟ್ಟ ಮನೆಗೆ ಅದನ್ನು ಹೋಲಿಸುತ್ತಾನೆ. ಎತ್ತಿನದು ಸೀಳುಗೊರಸು, ಅದಕ್ಕೆ ಎರಡೆರಡು ತುಂಡಾಗಿ ಲಾಳ ಕಟ್ಟುತ್ತೇವೆ. ಒಂದು ಸೀಳು ನೊಂದರೆ ಇನ್ನೊಂದರ ಮೇಲೆ ಭಾರ ಹಾಕಿ ಅದು ಹೇಗೋ ಸಾಗುತ್ತದೆ. ಕುದುರೆಗೆ ಒಂದೊಂದು ಕಾಲಿಗೆ ಒಂದೇ ಗೊರಸು. ಅದರ ಗೋಡೆ ದಪ್ಪವಾಗಿರಬೇಕು, ಅಡಿಯು ಚಪ್ಪಟೆಯಾಗದೆ ಒಳಕ್ಕೆ ತುಸು ಬಾಗಿರಬೇಕು, ಹಿಮ್ಮಡಿ ಅಗಲವಾಗಿರಬೇಕು, ನಡುವಣ ಮೆತ್ತನೆಯ ತ್ರಿಕೋಣಭಾಗವು ನೆಲವನ್ನು ಮುಟ್ಟುವಂತಿರಬೇಕು, ಎದುರುಬದರಾದ ಎರಡು ಗೊರಸುಗಳು ಒಂದೇ ಅಳತೆಯವಾಗಿರಬೇಕು. ಈ ಪಂಚಕಲ್ಯಾಣಿಯ ಗೊರಸಿನ ಗೋಡೆಯು ತೆಳುವಾಗಿ, ಲಾಳದ ಮೊಳೆ ಹೊಡೆದಲ್ಲೆಲ್ಲ ಚಕ್ಕೆಯೆದ್ದಿತ್ತು.

ತರುವಾಯ ಮುಂಗಾಲು. ಮಂಡಿಯ ಕೆಳಗೆ, ಎಲುಬಿನ ಹಿಂಬದಿಯಲ್ಲಿ ಇಳಿಯುವ ದಪ್ಪ ನರಗಳಂಥ ಸ್ನಾಯುರಜ್ಜುಗಳನ್ನು ಮೇಲಿನಿಂದ ಕೆಳಕ್ಕೆ ಬೆರಳಿನಿಂದ ಸವರಿ ನೋಡಬೇಕು. ಬಿಗಿದ ಹಗ್ಗದಂತೆ ನೆಟ್ಟಗೆ, ತಣ್ಣಗೆ ಇದ್ದರೆ ಸರಿ. ಬಿಲ್ಲಿನಂತೆ ಉಬ್ಬಿದ್ದರೆ, ಒಂದು ಕಾಲು ಇನ್ನೊಂದಕ್ಕಿಂತ ಬೆಚ್ಚಗಿದ್ದರೆ, ಅಲ್ಲಿ ಹಳೆಯ ಕಥೆಯೊಂದುಂಟು. ಓಟದ ಮೈದಾನದಲ್ಲಿ ಎರಡು ವರ್ಷದ ಮರಿಗಳನ್ನೂ ಓಡಿಸುತ್ತಾರೆ. ಬೆನ್ನೆಲುಬಿನ ಸಂದುಗಳು ಗಟ್ಟಿಯಾಗುವುದಕ್ಕೆ ಐದು ವರ್ಷವಾದರೂ ಬೇಕಾಗುವ ಪ್ರಾಣಿಯನ್ನು ಎರಡರಲ್ಲಿಯೇ ದುಡಿಸಿ, ನಾಲ್ಕರಲ್ಲಿ ಅಗ್ಗವಾಗಿ ಮಾರಿದಾಗ, ಅಗ್ಗವೇಕೆಂದು ಕೊಳ್ಳುವವನು ಕೇಳಬೇಕು. ಕುದುರೆಯನ್ನು ಗಟ್ಟಿನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ಕುಕ್ಕುಲೋಟದಲ್ಲಿ ಓಡಿಸೆಂದು ವೈದ್ಯರು ಹೇಳಿದರು. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆಯ ತಲೆ ಮೇಲಕ್ಕೇಳುತ್ತದೆ. ಸ್ವಸ್ಥವಾದ ಕಾಲು ತಾಗಿದಾಗ ಕೆಳಕ್ಕಿಳಿಯುತ್ತದೆ. ಈ ಸಣ್ಣ ಗುಟ್ಟನ್ನರಿತ ಆಳು ಹಗ್ಗವನ್ನು ಗದ್ದದಡಿಯಲ್ಲಿಯೇ ಬಿಗಿಹಿಡಿದು ತಲೆಯಾಡದಂತೆ ಓಡಿಸುತ್ತಾನೆ. ಅಂದು ಆದುದೂ ಅದೇ. ಹಗ್ಗ ಬಿಡಪ್ಪಾ ಎಂದು ಮೂರು ಸಲ ಹೇಳಬೇಕಾಯಿತು. ಬಿಟ್ಟಮೇಲೆ ತಲೆಯು ಲೆಕ್ಕವಿಟ್ಟಂತೆ ಏರಿಳಿಯಿತು.

ನೋವನ್ನು ಮುಚ್ಚುವ ಸೂಜಿಮದ್ದುಗಳು ಈಗ ಸುಲಭವಾಗಿ ದೊರೆಯುತ್ತವೆ. ಆದಕಾರಣ ಒಮ್ಮೆ ಸಂಜೆ ನೋಡಿದ ಕುದುರೆಯನ್ನು ಹೇಳದೆ ಕೇಳದೆ ಇನ್ನೊಂದು ದಿನ ಬೆಳಗಿನಲ್ಲಿ, ಲಾಯದಿಂದ ಹೊರಕ್ಕೆ ಬರುವ ಮೊದಲ ಹೆಜ್ಜೆಗಳಲ್ಲಿ ನೋಡುವುದು ಒಳ್ಳೆಯದು. ಮನುಷ್ಯರಿಗೂ ಅಂಟುವ, ತಗುಲಿದ ಕುದುರೆಯನ್ನು ಕಾನೂನಿನ ಮೇರೆಗೆ ಕೊಲ್ಲಿಸಬೇಕಾಗುವ ಗ್ಲಾಂಡರ್ಸ್ ರೋಗಕ್ಕೆ ರಕ್ತಪರೀಕ್ಷೆಯಾಗದೆ ಹಣ ಕೊಡಲೇಕೂಡದು.

ಅಳಿಯನು ಬಹಳ ಮುನಿದನು. ಹಿಂದಿರುಗುವ ದಾರಿಯಲ್ಲಿ ಅವನ ಮನಸ್ಸನ್ನು ತಿರುಗಿಸಲೆಂದು ನಾವು ವಿಜಯನಗರದ ಕಥೆಯೊಂದನ್ನು ಹೇಳಿದೆವು. ಸಾಳುವ ನರಸಿಂಹನು ಓರ್ಮಸ್ಸಿನಿಂದ ಬರುವ ಕುದುರೆಗಳನ್ನು ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಬದುಕಿದ್ದುದಕ್ಕೂ ಅದೇ ಬೆಲೆ, ಸತ್ತುದಕ್ಕೂ ಅದೇ ಬೆಲೆ; ಕಡಲಿನಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತೆಂದು ಪೋರ್ಚುಗೀಸಿನ ನೂನಿಜ್ ಹದಿನಾರನೆಯ ಶತಮಾನದಲ್ಲಿ ಬರೆದಿದ್ದಾನೆ. ಅರಸನಿಗೆ ಅದು ಮೂಢತನವಲ್ಲ, ಕುದುರೆಯ ವರ್ತಕರು ಬೇರೆ ರಾಜ್ಯದ ಕಡೆಗೆ ತಿರುಗದಿರಲೆಂಬ ರಾಜನೀತಿ. "ನಮಗೆ ಆ ಬೊಕ್ಕಸವಿಲ್ಲವಪ್ಪಾ" ಎಂದೆವು. ಹುಡುಗನು ನಗಲಿಲ್ಲ.

ಎರಡು ತಿಂಗಳ ಮೇಲೆ ಇನ್ನೊಂದು ಕುದುರೆಯ ಸುದ್ದಿ ಬಂದಿತು. ಹೆಣ್ಣುಗುದುರೆ, ಬೂದುಬಣ್ಣ, ಕುರಿಗಾರರು ಸಾಮಾನು ಹೇರಿಕೊಂಡು ಊರೂರು ತಿರುಗುವ ದಖ್ಖನಿನ ಗಿಡ್ಡ ತಳಿಯದು. ಎತ್ತರ ೧೩ ಹಿಡಿ, ಎಂದರೆ ೫೨ ಅಂಗುಲ. ನೋಡಿದೊಡನೆ ಅಳಿಯನ ಮುಖ ಬಾಡಿತು. ಆದರೆ ಗೊರಸುಗಳು ಕಗ್ಗಲ್ಲಿನಂತಿದ್ದವು. ಲಾಳವನ್ನೇ ಕಾಣದೆ ಕಲ್ಲುನೆಲದಲ್ಲಿ ನಡೆದು ತಾವಾಗಿಯೇ ಸವೆದು ದುಂಡಗಾಗಿದ್ದವು.

ಪ್ರಾಯವು ಮೂರೂವರೆ ಎಂದರು. ಇಲ್ಲಿ ಎತ್ತಿನ ಲೆಕ್ಕ ಕುದುರೆಗೆ ಒಪ್ಪುವುದಿಲ್ಲ. ಎತ್ತಿಗೆ ಮೇಲುದವಡೆಯಲ್ಲಿ ಮುಂಬಲ್ಲುಗಳೇ ಇಲ್ಲ, ಕೆಳಗೆ ಎಂಟು. ಕುದುರೆಗೆ ಮೇಲೆ ಆರು, ಕೆಳಗೆ ಆರು. ನಡುವಣ ಜೋಡಿ ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಕೊನೆಯದು ನಾಲ್ಕೂವರೆಗೆ ಹಾಲುಹಲ್ಲು ಬಿದ್ದು ಹುಟ್ಟುತ್ತವೆ; ಐದಕ್ಕೆ ಬಾಯಿ ಕೂಡುತ್ತದೆ. ಈ ಕುದುರೆಯ ಎರಡನೆಯ ಜೋಡಿ ಆಗತಾನೆ ವಸಡನ್ನು ಸೀಳಿ ಮೇಲೆದ್ದಿತ್ತು. ಮಾತು ನಿಜ. ಆದುದರಿಂದ ಇನ್ನೊಂದು ವರ್ಷ ಹಗುರವಾದ ಕೆಲಸವಷ್ಟೇ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂಬುದು ಈಗ ಸಾಮಾನ್ಯವಾಗಿ ಒಪ್ಪಿರುವ ಅಳತೆ. ೩೦೦ ಕಿಲೋ ತೂಗುವ ಕುದುರೆಗೆ ೬೦ ಕಿಲೋ. ಅಳಿಯನು ತೆಳ್ಳಗಿರುವುದು ಅನುಕೂಲವಾಯಿತು. ನಾವು ಹತ್ತುವ ಪ್ರಸ್ತಾಪವನ್ನೇ ಯಾರೂ ಎತ್ತಲಿಲ್ಲ.

ಎತ್ತು ಹೆಗಲಿನಿಂದ ಎಳೆಯುವ ಪ್ರಾಣಿ, ಕುದುರೆ ಬೆನ್ನಿನಿಂದ ಹೊರುವ ಪ್ರಾಣಿ. ಜಾತ್ರೆಯಲ್ಲಿ ಹಿಳಿಲನ್ನೂ ಕುತ್ತಿಗೆಯನ್ನೂ ತಟ್ಟಿ ನೋಡುವ ನಮ್ಮ ಕೈ ಕುದುರೆಯಲ್ಲಿ ಸೊಂಟದ ಮೇಲೆ ಹೋಗಬೇಕು. ಸೊಂಟವು ಮೋಟಾಗಿ, ಅಗಲವಾಗಿ, ಮಾಂಸ ತುಂಬಿರಬೇಕು. ಇಲ್ಲಿ ನಮ್ಮ ದೇಶದ್ದೇ ಆದ ಒಂದು ಅಪಾಯವನ್ನು ಹೇಳಬೇಕು. ಕುಮ್ರಿ ಎಂದು ಅದರ ಹೆಸರು. ದನಗಳ ಹೊಟ್ಟೆಯ ಪೊಳ್ಳಿನಲ್ಲಿ ದಾರದಂಥ ಒಂದು ಹುಳುವು ಹೆಚ್ಚು ಉಪದ್ರವವಿಲ್ಲದೆ ಬದುಕಿರುತ್ತದೆ. ಅದರ ಮರಿಗಳನ್ನು ಸೊಳ್ಳೆಯು ರಕ್ತದೊಡನೆ ಹೀರಿ, ಪಕ್ಕದಲ್ಲಿ ಕಟ್ಟಿದ ಕುದುರೆಗೆ ಕಚ್ಚಿ ಸೇರಿಸಿದಾಗ, ಅವು ಹೊಸ ಮೈಯಲ್ಲಿ ದಾರಿ ತಪ್ಪಿ ಬೆನ್ನುಹುರಿಯನ್ನು ಹೊಗುತ್ತವೆ. ನೆನ್ನೆ ಓಡಿದ ಕುದುರೆಯು ಇಂದು ಹಿಂಗಾಲುಗಳನ್ನು ಎಳೆಯುತ್ತ ನಿಲ್ಲುತ್ತದೆ. ಕೊಳ್ಳುವಾಗ ಕುದುರೆಯನ್ನು ಹಿಂದುಹಿಂದಕ್ಕೆ ಹತ್ತು ಹೆಜ್ಜೆ ನಡೆಸಬೇಕು. ಇಕ್ಕಟ್ಟಾದ ಸುತ್ತಿನಲ್ಲಿ ಎರಡು ಕಡೆಗೂ ತಿರುಗಿಸಬೇಕು. ಹಿಂಭಾಗವು ತೂರಾಡಿದರೆ, ಗೊರಸಿನ ಮೂತಿ ನೆಲವನ್ನು ಗೀರಿದರೆ, ವ್ಯಾಪಾರವನ್ನು ಅಲ್ಲಿಗೇ ಬಿಡಬೇಕು. ಕೊಂಡಮೇಲೆ ಅದನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಬಾರದು. ಅಳಿಯನು ಕೊಟ್ಟಿಗೆಯಲ್ಲಿ ಗೂಟವನ್ನು ಆಗಲೇ ಹೊಡೆಸಿಟ್ಟಿದ್ದನು.

ಬೂದುಗುದುರೆಯು ಹಿಂದಕ್ಕೂ ನಡೆಯಿತು, ಸುತ್ತಿಯೂ ತಿರುಗಿತು. ಉಸಿರು ನೋಡಲು ಸ್ವಲ್ಪ ದೂರ ನಾಗಾಲೋಟದಲ್ಲಿ ಬಿಟ್ಟು ಕಿವಿಗೊಟ್ಟೆವು, ಗೊರಗೊರ ಸದ್ದಿಲ್ಲ. ಉಳಿದುದು ಸ್ವಭಾವ. ಸರ್ವಕಾರ್ಯಕ್ಕೂ ಬೇಕೆನ್ನುವ ಕುದುರೆಯಲ್ಲಿ ಇದಕ್ಕೆ ಮಿಗಿಲಾದ ಗುಣವಿಲ್ಲವೆಂಬುದು ನಮ್ಮ ಮತ. ವೇಗವಿಲ್ಲದಿದ್ದರೆ ತಡವಾಗಿ ತಲುಪುತ್ತೇವೆ. ಸ್ವಭಾವ ಕೆಟ್ಟಿದ್ದರೆ ತಲುಪುವುದೇ ಇಲ್ಲ. ಎಳೆಯ ಕುದುರೆಯು ಬೆದರುವುದು ಸಹಜ. ಬೆದರಿದ ಮೇಲೆ ಏನು ಮಾಡುತ್ತದೆ ಎಂಬುದು ಪ್ರಶ್ನೆ. ಪಕ್ಕದ ರಸ್ತೆಯಲ್ಲಿ ಶೇಂಗಾ ಮೂಟೆ ಹೇರಿದ ಲಾರಿಯೊಂದು ಕೊಂಬು ಊದಿಕೊಂಡು ಬಂದಿತು. ಕುದುರೆಯು ಎರಡು ಹೆಜ್ಜೆ ಪಕ್ಕಕ್ಕೆ ಹಾರಿ, ಕಿವಿ ನಿಮಿರಿಸಿ, ಲಾರಿ ಹೋಗುವವರೆಗೂ ನೋಡಿ, ಆಮೇಲೆ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಮಾರುವವನ ಸಣ್ಣ ಮಗಳು ಹೊಟ್ಟೆಯಡಿಯಲ್ಲಿ ನುಸುಳಿ ಆಚೆ ಹೋದಳು. ಅದು ಕಾಲನ್ನೂ ಕದಲಿಸಲಿಲ್ಲ. ವೈದ್ಯರು ನಮ್ಮ ಕಡೆ ನೋಡಿದರು. ಬೆರಳುಗಳ ವ್ಯಾಪಾರ ಟವಲಿನಡಿಯಲ್ಲಿ ಕಾಲು ಗಂಟೆ ನಡೆದು ಮುಗಿಯಿತು.

ಅಸಲು ಪರೀಕ್ಷೆ ಮನೆಯ ಬಾಗಿಲಿನಲ್ಲಿ ಕಾದಿತ್ತು. ಅಳಿಯನ ಅಜ್ಜಿಯವರು ಎಂಬತ್ತು ದಾಟಿದವರು. ಹೊಸ್ತಿಲಿನಿಂದ ಇಳಿದು ಬಂದು, ಕುದುರೆಯ ಸುತ್ತ ಒಂದು ಸುತ್ತು ಬಂದು, ಹಣೆಯ ಮೇಲೆ ಬೆರಳಿಟ್ಟು, "ಸುಳಿ ಕಣ್ಣಿಗಿಂತ ಮೇಲೆ ಹೋಗಿದೆ. ಇದು ನನ್ನ ದನಗಳ ಜತೆ ಒಂದೇ ಸೂರಿನಡಿ ನಿಲ್ಲಕೂಡದು" ಎಂದರು. ನಾವು ಶಾಸ್ತ್ರಾರ್ಥಕ್ಕೆ ಸಿದ್ಧರಾದೆವು. ಆದರೆ ಒಂದು ಸಂಗತಿ ನೆನಪಿಗೆ ಬಂದು ನಾಲಗೆ ತಡೆಯಿತು. ೧೯೯೫ರಲ್ಲಿ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ವಿದ್ವಾಂಸೆಯೂ ಸಹೋದ್ಯೋಗಿಗಳೂ ಸಾವಿರಕ್ಕೂ ಮಿಕ್ಕ ದನಗಳನ್ನು ಕಟ್ಟುಗೂಡಿನಲ್ಲಿ ನಿಲ್ಲಿಸಿ ನೋಡಿ, ಹಣೆಯ ಸುಳಿ ಕಣ್ಣುಗಳಿಗಿಂತ ಮೇಲಿರುವ ದನಗಳು ಹೆಚ್ಚು ಕಳವಳಪಡುತ್ತವೆಂದು ಪ್ರಕಟಿಸಿದ್ದರು. ಸಿರಿಗೂ ಕೇಡಿಗೂ ಅದು ಸಾಕ್ಷಿಯಲ್ಲ. ಕುದುರೆಯನ್ನು ಕುರಿತುದೂ ಅಲ್ಲ. ಆದರೂ ಸುಳಿ ನೋಡುವವರನ್ನೆಲ್ಲ ಮೂಢರೆಂದು ನಗುವ ಹಕ್ಕು ನಮಗೆ ಸ್ವಲ್ಪ ಕಡಮೆಯಾಯಿತು.

"ಹಾಗೇ ಆಗಲಮ್ಮಾ, ಕೊಟ್ಟಿಗೆಗೆ ಬೇಡ" ಎಂದೆವು. ಅವರಿಗೆ ಸುಳಿಯ ಭಯ, ನಮಗೆ ಸೊಳ್ಳೆಯ ಭಯ. ಅಳಿಯನು ಇಬ್ಬರನ್ನೂ ನೋಡಿ ಗೂಟವನ್ನು ಕಿತ್ತು, ಮನೆಯ ಹಿಂದಿನ ಹುಣಿಸೆಯ ಮರದಡಿಗೆ ಒಯ್ದನು. ವಾರದೊಳಗೆ ಅಲ್ಲಿ ಸೋಗೆಯ ಚಪ್ಪರವೆದ್ದಿತು. ಬೂಷ್ಟು ಹಿಡಿದ ಶೇಂಗಾ ಹೊಟ್ಟನ್ನು ಹಾಕಬೇಡ, ಕುದುರೆಗೆ ವಾಂತಿ ಮಾಡುವ ಶಕ್ತಿಯೇ ಇಲ್ಲ, ಒಳಗೆ ಹೋದ ವಿಷ ಹಿಂದಕ್ಕೆ ಬರದು ಎಂದು ಅವನಿಗೆ ಹೇಳಿಬಂದೆವು. ನಮ್ಮ ನಾಡಿನ ತೆಂಕಣ ಕರಾವಳಿಗೆ ಬಂದ ಅರಬ್ಬೀ ಕುದುರೆಗಳು ನೋಡಿಕೊಳ್ಳುವವರ ಅಜ್ಞಾನದಿಂದಲೇ ಸಾಯುತ್ತಿದ್ದವೆಂದು ಮಾರ್ಕೊ ಪೋಲೋ ಹದಿಮೂರನೆಯ ಶತಮಾನದಲ್ಲಿಯೇ ಆಡಿಕೊಂಡು ಹೋಗಿದ್ದಾನೆ.

ಅಳಿಯನು ಮೊನ್ನೆ ಬರೆದ ಕಾಗದದಲ್ಲಿ, ಕುದುರೆ ಮರಳನ್ನು ದಾಟುವುದನ್ನು ಕಲಿತಿದೆ, ಗಾಡಿಗೆ ಇನ್ನೂ ಹೂಡಿಲ್ಲ ಎಂದಿದ್ದಾನೆ. ಬೆಳಗಿನ ಹುರುಳಿಯನ್ನು ಬೇಯಿಸಿ ಚಪ್ಪರದವರೆಗೂ ಒಯ್ಯುವವರು ಅಜ್ಜಿಯವರೇ ಅಂತೆ. ಸುಳಿಯ ಮೇಲೆ ಮಾತ್ರ ಅರಿಸಿನ ಹಚ್ಚಿರುತ್ತಾರೆ.