ಹರಿದದ್ದು ಕಂಡ ದಿನವೇ ತೇಪೆ ಹಾಕೋಣ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಮಾಸಿಕ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣ)

ಪ್ರೀತಿಯ ಸಹೋದರಿಯರೇ,

ಕಳೆದ ಸಭೆ ಮುಗಿದ ಮೇಲೆ ಒಬ್ಬ ಖಜಾಂಚಿ ಅಕ್ಕ ನನ್ನ ಹತ್ತಿರ ಬಂದರು. "ಸಿಸ್ಟರ್, ನನ್ನ ಫೋನು ಅಪ್‌ಡೇಟ್ ಮಾಡು ಅಂತ ದಿನಾ ಕೇಳ್ತದೆ. ನಾನು ದಿನಾ 'ನಂತರ' ಅಂತ ಒತ್ತಿಬಿಡ್ತೇನೆ. ಫೋನು ಚೆನ್ನಾಗೇ ಇದೆಯಲ್ಲ, ಅದೆಲ್ಲ ಯಾಕೆ?" ಎಂದು ಕೇಳಿದರು. ಪಕ್ಕದಲ್ಲಿದ್ದವರೆಲ್ಲ ನಕ್ಕರು, ಏಕೆಂದರೆ ಎಲ್ಲರೂ ಹಾಗೇ ಮಾಡುವವರು. ಆಫೀಸಿನ ಕಂಪ್ಯೂಟರಿನಲ್ಲಿ ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಇವತ್ತು ಆ ಅಕ್ಕನ ಪ್ರಶ್ನೆಗೆ ಉತ್ತರ ಹುಡುಕೋಣ.

ಫೋನಿನೊಳಗೆ ಕೆಲಸ ಮಾಡುವ ಸಾಫ್ಟ್‌ವೇರನ್ನು ಮನುಷ್ಯರೇ ಬರೆಯುತ್ತಾರೆ. ಲಕ್ಷಗಟ್ಟಲೆ ಸಾಲು ಬರೆಯುವಾಗ ತಪ್ಪು ಉಳಿದೇ ಉಳಿಯುತ್ತದೆ. ಕೆಲವು ತಪ್ಪುಗಳು ಕಳ್ಳನಿಗೆ ಒಳಗೆ ಬರಲು ದಾರಿಯಾಗುತ್ತವೆ. ಫೋನು ಹೊಸದಾಗಿದ್ದರೂ, ಚೆನ್ನಾಗಿ ನಡೆಯುತ್ತಿದ್ದರೂ ಆ ದಾರಿ ಇರಬಹುದು, ನಮಗೆ ಕಾಣುವುದಿಲ್ಲ. ತಜ್ಞರು ಅದನ್ನು ಕಂಡುಹಿಡಿದು ಕಂಪನಿಗೆ ತಿಳಿಸುತ್ತಾರೆ. ಕಂಪನಿ ಅದನ್ನು ಮುಚ್ಚುವ ತುಂಡೊಂದನ್ನು ಕಳಿಸುತ್ತದೆ. ಅದರ ಹೆಸರು ಪ್ಯಾಚ್, ಅಂದರೆ ನಮ್ಮ ತೇಪೆ. ಅಪ್‌ಡೇಟ್ ಎಂದು ಬರುವುದರಲ್ಲಿ ಈ ತೇಪೆಗಳೂ ಇರುತ್ತವೆ.

ಇಲ್ಲೊಂದು ವಿಷಯ ಗಮನಿಸಿ. ತೇಪೆ ಬಂದಾಗ ತೂತು ಎಲ್ಲಿತ್ತು ಎಂಬುದು ಕಳ್ಳನಿಗೂ ತಿಳಿಯುತ್ತದೆ. ಆಮೇಲೆ ಅವನು ತೇಪೆ ಹಾಕಿಕೊಳ್ಳದವರನ್ನೇ ಹುಡುಕುತ್ತಾನೆ.

2017ರಲ್ಲಿ ಹೀಗೇ ಆಯಿತು. ವಿಂಡೋಸ್ ಕಂಪ್ಯೂಟರುಗಳ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ 14ರಂದು ತೇಪೆ ಕೊಟ್ಟಿತು. ಬಹಳ ಜನ ಹಾಕಿಕೊಳ್ಳಲಿಲ್ಲ. 59 ದಿನ ಕಳೆದು, ಮೇ 12ರಂದು 'ವಾನ್ನಾಕ್ರೈ' ಎಂಬ ಪಿಡುಗು ಅದೇ ತೂತಿನಿಂದ ನುಗ್ಗಿತು. ಸುಮಾರು 150 ದೇಶಗಳಲ್ಲಿ ಕಂಪ್ಯೂಟರಿನ ಕಡತಗಳಿಗೆ ಬೀಗ ಬಿತ್ತು. ಬೀಗ ತೆಗೆಯಬೇಕಾದರೆ 300 ಡಾಲರ್ ಕೊಡಿ ಎಂದು ಪರದೆಯ ಮೇಲೆ ಬೆದರಿಕೆ ಬಂತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂದಾಜು 19,000 ರೋಗಿಗಳ ಭೇಟಿ ಮತ್ತು ಆಪರೇಷನ್ ರದ್ದಾದವು. ಕೆಲವು ಕಡೆ ತುರ್ತು ರೋಗಿಗಳು ದೂರದ ಆಸ್ಪತ್ರೆಗೆ ಹೋಗಬೇಕಾಯಿತು. ತೇಪೆ ಇತ್ತು, ಹಾಕಿರಲಿಲ್ಲ ಅಷ್ಟೆ.

"ಅದು ಕಂಪ್ಯೂಟರಿನ ಮಾತು, ನಮ್ಮದು ಫೋನು" ಅಂತೀರಾ? 2019ರಲ್ಲಿ ವಾಟ್ಸಾಪಿನಲ್ಲೇ ಒಂದು ತೂತು ಸಿಕ್ಕಿತು. ವಾಟ್ಸಾಪ್ ಕರೆ ಬಂದರೆ ಸಾಕು, ನಾವು ತೆಗೆಯದಿದ್ದರೂ ಗೂಢಚಾರಿಕೆಯ ಸಾಫ್ಟ್‌ವೇರ್ ಫೋನಿನೊಳಗೆ ಕೂರುತ್ತಿತ್ತು. ಸುಮಾರು 1,400 ಜನರ ಮೇಲೆ ಅದನ್ನು ಪ್ರಯೋಗಿಸಿದರು. ಅವರಲ್ಲಿ ಭಾರತದ ಪತ್ರಕರ್ತರೂ ಸಾಮಾಜಿಕ ಕಾರ್ಯಕರ್ತರೂ ಇದ್ದರು. ಕಂಪನಿ ತೂತು ಮುಚ್ಚಿ, ಎಲ್ಲರೂ ಅಪ್‌ಡೇಟ್ ಮಾಡಿಕೊಳ್ಳಿ ಎಂದು ಕೇಳಿಕೊಂಡಿತು.

ಈಗ ನಮ್ಮ ಸಂಘಕ್ಕೆ ಬರೋಣ. ಬ್ಯಾಂಕಿನ ಮೆಸೇಜು, ಓಟಿಪಿ ಎಲ್ಲ ಬರುವುದು ಒಬ್ಬ ಅಕ್ಕನ ಫೋನಿಗೆ. ಅಲ್ಲಿಂದ ಹಣ ಹೋದರೆ ಇಪ್ಪತ್ತು ಮನೆಯ ಉಳಿತಾಯ ಹೋದ ಹಾಗೆ. ಅವರು ಒಂದು ರೂಪಾಯಿ ಮುಟ್ಟದಿದ್ದರೂ ಸಭೆಯಲ್ಲಿ ತಲೆತಗ್ಗಿಸಿ ಕೂರಬೇಕು. ಸಂಘ ಒಡೆಯಲು ಅಷ್ಟು ಸಾಕು.

ಹಾಗಾದರೆ ಏನು ಮಾಡಬೇಕು?

ಒಂದು: ಸೆಟ್ಟಿಂಗ್ಸ್ ಒಳಗೆ 'ಸಾಫ್ಟ್‌ವೇರ್ ಅಪ್‌ಡೇಟ್' ನೋಡಿ. ಪ್ಲೇ ಸ್ಟೋರಿನಲ್ಲಿ ಬ್ಯಾಂಕಿನ ಆ್ಯಪ್, ವಾಟ್ಸಾಪ್ ಎಲ್ಲವನ್ನೂ ಅಪ್‌ಡೇಟ್ ಮಾಡಿ. ಡಾಟಾ ಖರ್ಚಾಗುವುದು ನಿಜ. ದಿನದ ಡಾಟಾ ಉಳಿದಿದ್ದರೆ ರಾತ್ರಿ ಚಾರ್ಜಿಗೆ ಹಾಕಿ ಮಾಡಿಕೊಳ್ಳಿ. ಸಾಮಾನ್ಯವಾಗಿ ಫೋಟೋ ಅಳಿಸಿ ಹೋಗುವುದಿಲ್ಲ.

ಎರಡು: ಅಪ್‌ಡೇಟ್ ಹೆಸರಲ್ಲಿ ವಾಟ್ಸಾಪಿಗೋ ಮೆಸೇಜಿಗೋ ಬರುವ ಲಿಂಕನ್ನು, ಎಪಿಕೆ ಫೈಲನ್ನು ಒತ್ತಲೇಬೇಡಿ. ಅದು ತೇಪೆಯಲ್ಲ, ಕಳ್ಳನೇ ಮಾಡುವ ತೂತು.

ಮೂರು: ಫೋನು ಹಳೆಯದಾದಂತೆ ಕಂಪನಿ ತೇಪೆ ಕಳಿಸುವುದನ್ನು ನಿಲ್ಲಿಸುತ್ತದೆ. ಕೊನೆಯ ಸೆಕ್ಯುರಿಟಿ ಅಪ್‌ಡೇಟಿನ ತಾರೀಕು ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅದು ವರ್ಷಗಳ ಹಿಂದಿನದಾದರೆ, ಸಂಘದ ಖಾತೆಯನ್ನು ಆ ಫೋನಿನಲ್ಲಿ ಇಡಬೇಡಿ.

ನಾಲ್ಕು: ತೇಪೆ ಹಾಕಿದ್ದೇವೆ ಎಂದು ಮೈಮರೆಯಬೇಡಿ. ನಾವಾಗಿಯೇ ಓಟಿಪಿ ಹೇಳಿಬಿಟ್ಟರೆ ಯಾವ ತೇಪೆಯೂ ಕಾಯುವುದಿಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ 1930 ನಂಬರಿಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಪಟ್ಟು ಮುಚ್ಚಿಡಬೇಡಿ.

ಕೊನೆಗೆ ಒಂದು ಕೋರಿಕೆ. ತಿಂಗಳಿಗೊಮ್ಮೆ ಸಭೆಯಲ್ಲಿ ಹತ್ತು ನಿಮಿಷ ಎಲ್ಲರ ಫೋನನ್ನೂ ನೋಡಿ. ತಿಳಿದವರು ತಿಳಿಯದವರಿಗೆ ಕಲಿಸಿ, ಮಾಡಿದ್ದನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಕೌದಿ ಹೊಲಿಯುವ ಕೈ ನಮ್ಮದು. ಸಣ್ಣ ಹರಕನ್ನು ಬಿಟ್ಟರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಂದ ಹಾಗೆ, ಆ ಖಜಾಂಚಿ ಅಕ್ಕ ಇಲ್ಲೇ ಮುಂದೆ ಕೂತಿದ್ದಾರೆ. ಇವತ್ತಿನ ಮೊದಲ ಫೋನು ಅವರದೇ ಆಗಲಿ!

ದೇವರು ನಿಮ್ಮನ್ನೂ ನಿಮ್ಮ ದುಡಿಮೆಯನ್ನೂ ಕಾಪಾಡಲಿ.